132 ಕೆವಿ ಲೈನ್‌ನ ಇನ್ಸುಲೇಟರ್ ಹಾರ್ಡ್‌ವೇರ್ ಸೆಟ್: ಫೋರ್ಜಿಂಗ್‌ಗೆ ಫುಲ್ ಮಾರ್ಕ್ಸ್, ಕ್ಲಿಪ್‌ಗೆ ಸೊನ್ನೆ

ತಯಾರಕರ ಹೆಸರು ಹಾಕಲ್ಲ, ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಇದ್ರಲ್ಲಿ ಹೊಗಳೋದೂ ಇದೆ ಬೈಯೋದೂ ಇದೆ. ಹೆಸರು ಬೇಕಾಗೂ ಇಲ್ಲ, ಈ ಸಾಮಾನಲ್ಲಿ ಹತ್ತು ಕಂಪನಿ ಮಾಲು ತಂದು ಪಕ್ಕಪಕ್ಕ ಇಟ್ರೂ ಡ್ರಾಯಿಂಗ್ ಹೆಚ್ಚುಕಮ್ಮಿ ಒಂದೇ ಇರತ್ತೆ, ಫರಕು ಇರೋದು ಮಾಡೋ ರೀತೀಲಿ. 132 ಕೆವಿ (1,32,000 ವೋಲ್ಟ್) ವಿದ್ಯುತ್ ಲೈನ್ ಒಂದರಲ್ಲಿ ಹಳೇ ಫಿಟಿಂಗ್ಸ್ ತುಕ್ಕು ಹಿಡಿದಿತ್ತು ಅಂತ ಸಿಂಗಲ್ ಸಸ್ಪೆನ್ಷನ್ ಸೆಟ್ಟು (ತಂತಿ ನೇತುಹಾಕೋಕೆ), ಡಬಲ್ ಟೆನ್ಷನ್ ಸೆಟ್ಟು (ತಂತಿ ಎಳೆದು ಕಟ್ಟೋಕೆ) ಎರಡೂ ಒಂದೇ ಕಡೆಯಿಂದ ತರಿಸಿದ್ವಿ. ಸೆಟ್ ಅಂದ್ರೆ ಡಿಸ್ಕ್ (ಕರೆಂಟ್ ಟವರ್‌ಗೆ ಹರಿಯದ ಹಾಗೆ ತಡೆಯೋ ತಟ್ಟೆ ಥರದ ಇನ್ಸುಲೇಟರ್) ಬರಲ್ಲ, ಡಿಸ್ಕ್ ಸ್ಟ್ರಿಂಗನ್ನ (ಡಿಸ್ಕ್‌ಗಳ ಸರ) ಮೇಲೆ ಟವರ್‌ಗೆ ಕೆಳಗೆ ಕಂಡಕ್ಟರ್‌ಗೆ (ಕರೆಂಟ್ ತಂತಿ) ಸಿಗಿಸೋ ಸಾಮಾನು ಅಷ್ಟೇ: ಶ್ಯಾಕಲ್, ಬಾಲ್ ಲಿಂಕ್, ಯೋಕ್ ಪ್ಲೇಟ್, ಸಾಕೆಟ್ ಕ್ಲೆವಿಸ್, ಆರ್ಸಿಂಗ್ ಹಾರ್ನ್, ಕ್ಲಾಂಪ್, ಆರ್ಮರ್ ರಾಡ್, ಜೊತೆಗೆ ಒಂದು ಪ್ಲಾಸ್ಟಿಕ್ ಕವರ್ ತುಂಬ ಕ್ಲಿಪ್ಪು, ಸ್ಪ್ಲಿಟ್ ಪಿನ್ನು. ದೊಡ್ಡ ಸಾಮಾನೆಲ್ಲ ಬೆಂಕಿ, ಆ ಪ್ಲಾಸ್ಟಿಕ್ ಕವರ್ ಒಳಗಿದ್ದದ್ದು ಕಸ. ಐದಕ್ಕೆ ಮೂರು ಕೊಡ್ತೀನಿ, ಅದೂ ಫೋರ್ಜಿಂಗ್ (ಉಕ್ಕು ಕಾಯಿಸಿ ಅಚ್ಚಲ್ಲಿ ಒತ್ತಿ ಮಾಡಿದ ಸಾಮಾನು) ಮುಖ ನೋಡಿ.

ಫೋರ್ಜಿಂಗ್ ನಿಜವಾಗ್ಲೂ ಚೆನ್ನಾಗಿತ್ತು. ಬಾಲ್ ಲಿಂಕ್ (ತುದೀಲಿ ಗುಂಡು ಇರೋ ಕೊಂಡಿ, ಆ ಗುಂಡು ಸಾಕೆಟ್ ಅನ್ನೋ ಗೂಡಲ್ಲಿ ಕೂರತ್ತೆ) ಕೈಗೆ ತಗೊಂಡಾಗ ಮೊದ್ಲು ನೋಡ್ಬೇಕಾದ್ದು ಬಾಲ್ ಕೆಳಗಿನ ಕುತ್ತಿಗೆ, ಲೋಡೆಲ್ಲ ಅಲ್ಲೇ ಬೀಳೋದು, ಬಿರುಕು ಶುರುವಾಗೋದೂ ಅಲ್ಲೇ. ಡೈ ಎರಡು ಭಾಗ ಸೇರೋ ಕಡೆ ಉಳಿಯೋ ಏಣನ್ನ ಕುತ್ತಿಗೆ ಸುತ್ತ ನೀಟಾಗಿ ಗ್ರೈಂಡ್ ಮಾಡಿದ್ರು, ಲೋಹ ಮಡಚಿಕೊಂಡ ಗುರುತು ಎಲ್ಲೂ ಇರಲಿಲ್ಲ, ಲೋಡ್ ರೇಟಿಂಗು ಮತ್ತೆ ಬ್ಯಾಚ್ ಗುರುತು ಗ್ಯಾಲ್ವನೈಸಿಂಗ್ (ತುಕ್ಕು ಹಿಡೀದ ಹಾಗೆ ಸತು ಲೇಪ) ಆದ್ಮೇಲೂ ಓದೋ ಹಾಗಿತ್ತು. ಇದು ಸಣ್ಣ ವಿಷಯ ಅನ್ಸಬೋದು, ಆದ್ರೆ ಎಷ್ಟೋ ಕಡೆ ಗುರುತು ಹೊಡೆಯೋದೇ ಅರೆಮನಸ್ಸಲ್ಲಿ, ಅದ್ರ ಮೇಲೆ ಸತು ಕೂತು ಮುಚ್ಚಿಹೋಗತ್ತೆ, ಆಮೇಲೆ ಯಾವ ಪೀಸ್ ಯಾವ ಬ್ಯಾಚಿಂದು ಅಂತ ದೇವರೇ ಹೇಳ್ಬೇಕು.

ಗ್ಯಾಲ್ವನೈಸಿಂಗ್ ಕೂಡ ಪರವಾಗಿಲ್ಲ. ಐಎಸ್‌ಒ 1461 ಪ್ರಕಾರ 6 ಎಂಎಂಗಿಂತ ದಪ್ಪ ಇರೋ ಉಕ್ಕಿಗೆ ಸರಾಸರಿ 85 ಮೈಕ್ರಾನ್ ಸತು ಬೇಕು, ಯಾವ ಜಾಗದಲ್ಲೂ 70ಕ್ಕಿಂತ ಇಳೀಬಾರ್ದು, ಮೀಟರ್ ಇಟ್ಟು ನೋಡಿದ ಕಡೆಯೆಲ್ಲ ಅದಕ್ಕಿಂತ ಜಾಸ್ತಿನೇ ಬಂತು. ಜಾಸ್ತಿ ಬಂದ್ರೆ ಒಳ್ಳೇದೇ ಅಲ್ವಾ ಅಂತೀರಾ, ಸಾಕೆಟ್ ಒಳಗೆ ಅಲ್ಲ. ಕೆಲವು ಸಾಕೆಟ್ ಕ್ಲೆವಿಸ್ ಒಳಮೂಲೆಲಿ ಸತು ಗಡ್ಡೆ ಕಟ್ಟಿ ನಿಂತಿತ್ತು, ಬಾಲ್ ಒಳಗೆ ಹೋಗತ್ತೆ ಆದ್ರೆ ಪೂರ್ತಿ ಕೂರಲ್ಲ, ಆಚೀಚೆ ತಿರುಗಿಸಿದ್ರೆ ಒಂದು ಕಡೆ ಹಿಡ್ಕೊಳತ್ತೆ. ಇದಕ್ಕೇ ಗೋ ನೋ-ಗೋ ಗೇಜನ್ನ (ಅಳತೆ ಸರಿ ಇದೆಯಾ ಅಂತ ತೂರಿಸಿ ನೋಡೋ ಸಾಧನ) ಗ್ಯಾಲ್ವನೈಸ್ ಆದ್ಮೇಲೆ ಹಾಕ್ಬೇಕು ಅನ್ನೋದು, ಮುಂಚೆ ಹಾಕಿದ್ರೆ ಏನೂ ಉಪಯೋಗ ಇಲ್ಲ. ಆ ಪೀಸ್‌ಗಳನ್ನ ಫೈಲ್ ಹೊಡೆದು ಸರಿ ಮಾಡೋಣ ಅಂದ ಪುಣ್ಯಾತ್ಮರೂ ಇದ್ರು, ಉಜ್ಜಿದ ಜಾಗದಲ್ಲಿ ಸತುನೇ ಉಳಿಯಲ್ಲ, ವಾಪಸ್ ಕಳಿಸಿದ್ವಿ. ಬೋಲ್ಟು ನಟ್ಟು ಮಾತ್ರ ಕೈಯಲ್ಲೇ ಕೊನೇ ತನಕ ತಿರುಗ್ತಿತ್ತು, ಸತುವಿನ ದಪ್ಪಕ್ಕೆ ಜಾಗ ಬಿಟ್ಟು ನಟ್‌ಗೆ ಥ್ರೆಡ್ ಹಾಕಿದಾರೆ ಅಂತ ಅರ್ಥ, ಟವರ್ ಮೇಲೆ ಸ್ಪ್ಯಾನರ್ ಹಿಡಿದು ನೇತಾಡೋರಿಗೇ ಇದ್ರ ಬೆಲೆ ಗೊತ್ತು.

ಬಾಲ್ ಸೈಜ್ ಬಗ್ಗೆ ಒಂದು ಮಾತು, ಇದು ಈ ಕಂಪನಿಗೆ ಮಾತ್ರ ಸಂಬಂಧಪಟ್ಟಿದ್ದಲ್ಲ. ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಸ್ಟ್ಯಾಂಡರ್ಡ್ ಸಂಸ್ಥೆ) ಪಟ್ಟೀಲಿ 70 ಕೆಎನ್ (ಕಿಲೋನ್ಯೂಟನ್, ಡಿಸ್ಕ್ ತಡೆಯೋ ಎಳೆತ), 100, 120 ಡಿಸ್ಕ್‌ಗೆ 16 ಎಂಎಂ ಕಪ್ಲಿಂಗು (ಬಾಲ್-ಸಾಕೆಟ್ ಜೋಡಣೆ ಸೈಜು), 160 ಮತ್ತೆ 210ಕ್ಕೆ 20 ಎಂಎಂ. ಆದ್ರೆ 120 ಕೆಎನ್ ಡಿಸ್ಕ್‌ನ 20 ಎಂಎಂಲಿ ಕೇಳೋರೂ ಇದಾರೆ, ಸಪ್ಲೈ ಮಾಡೋರೂ ಇದಾರೆ, ಅದಕ್ಕೆ ಕೆಎನ್ ನೋಡಿ ಹಾರ್ಡ್‌ವೇರ್ ಆರ್ಡರ್ ಮಾಡ್ಬೇಡಿ, ಡಿಸ್ಕ್ ಡ್ರಾಯಿಂಗಲ್ಲಿ ಕಪ್ಲಿಂಗ್ ಸೈಜ್ ನೋಡಿ ಮಾಡಿ. 16ರ ಬಾಲ್ 20ರ ಸಾಕೆಟ್‌ನಲ್ಲಿ ಸಲೀಸಾಗಿ ಒಳಗೆ ಹೋಗಿ ಕೂತ ಹಾಗೇ ಕಾಣತ್ತೆ, ಆದ್ರೆ ಹಿಡಿತ ಅರ್ಧಂಬರ್ಧ, ಲಾಕ್ ಕ್ಲಿಪ್ಪೂ ಅದನ್ನ ಸರಿಯಾಗಿ ತಡೆಯಲ್ಲ.

ಈಗ ಕ್ಲಿಪ್ಪಿಗೆ ಬರ್ತೀನಿ, ಈ ರಿವ್ಯೂ ಬರೀತಿರೋದೇ ಅದಕ್ಕೆ.

ಪ್ರತಿ ಸಾಕೆಟ್ ಹಿಂದೆ ಒಂದು ತೂತು ಇರತ್ತೆ, ಅದ್ರೊಳಗೆ ಒಂದು ಸಣ್ಣ ಸ್ಪ್ರಿಂಗ್ ಕ್ಲಿಪ್, ಡಬ್ಲ್ಯೂ ಆಕಾರದ್ದು ಇಲ್ಲಾ ಸ್ಪ್ಲಿಟ್ ಪಿನ್ ಥರದ್ದು. ಬಾಲ್ ಒಳಗೆ ಕೂತ್ಮೇಲೆ ಅದನ್ನ ತಳ್ಳಿದ್ರೆ ಬಾಲ್ ವಾಪಸ್ ಜಾರಿ ಹೊರಗೆ ಬರೋ ದಾರಿ ಮುಚ್ಚತ್ತೆ, ಅಷ್ಟೇ ಅದ್ರ ಕೆಲಸ. ಸ್ಟ್ರಿಂಗ್ ಮೇಲೆ ಎಳೆತ ಇರೋ ತನಕ ಕ್ಲಿಪ್ ಇಲ್ದೇ ಹೋದ್ರೂ ಏನೂ ಆಗಲ್ಲ, ಅದಕ್ಕೇ ಇದನ್ನ ಯಾರೂ ತಲೆಗೆ ಹಚ್ಕೊಳ್ಳೋದೂ ಇಲ್ಲ. ಎಳೆತ ಸಡಿಲ ಆದಾಗ, ಅಂದ್ರೆ ಜೋರು ಗಾಳೀಲಿ ಕಂಡಕ್ಟರ್ ಮೇಲೆದ್ದಾಗ, ಇಲ್ಲಾ ಎರಡು ಗುಡ್ಡದ ನಡುವೆ ತಗ್ಗಲ್ಲಿರೋ ಟವರ್‌ನಲ್ಲಿ ಚಳಿಗೆ ಲೈನ್ ಬಿಗಿಯಾಗಿ ಸ್ಟ್ರಿಂಗನ್ನೇ ಮೇಲಕ್ಕೆ ಎತ್ತಿದಾಗ, ಆಗ ಬಾಲ್‌ಗೂ ನೆಲಕ್ಕೂ ಮಧ್ಯೆ ಇರೋದು ಆ ಕ್ಲಿಪ್ ಒಂದೇ.

ಇವ್ರು ಕಳಿಸಿದ ಡಬ್ಲ್ಯೂ ಕ್ಲಿಪ್‌ನ ಬೆರಳಲ್ಲಿ ಒತ್ತಿ ಬಿಟ್ರೆ ಕಾಲೆರಡೂ ಒತ್ತಿದ ಜಾಗದಲ್ಲೇ ನಿಂತ್ಕೊಂಡ್ವು. ಸ್ಪ್ರಿಂಗ್ ಗುಣನೇ ಇಲ್ಲ. ಸಾಕೆಟ್‌ಗೆ ಹಾಕಿ ಹಿಂದಿನಿಂದ ಹುಕ್ ಸಿಗಿಸಿ ಎಳೆದ್ರೆ ಪೂರ್ತಿ ಆಚೆ ಬಂದು ಕೈಗೆ ಬಿತ್ತು. ಐಇಸಿ 60372 ಕೇಳೋದು ಏನಪ್ಪ ಅಂದ್ರೆ ಕ್ಲಿಪ್‌ಗೆ ಎರಡು ಜಾಗ ಇರ್ಬೇಕು, ಒಂದು ಲಾಕ್, ಒಂದು ಅನ್‌ಲಾಕ್, ಅನ್‌ಲಾಕ್ ಮಾಡಿದಾಗ ಬಾಲ್ ಬಿಡ್ಬೇಕು ಆದ್ರೆ ಕ್ಲಿಪ್ ತಾನು ಮಾತ್ರ ಸಾಕೆಟ್ ಬಿಟ್ಟು ಹೊರಗೆ ಬರಬಾರ್ದು. ಹಾಟ್ ಲೈನ್ ಕೆಲಸ (ಕರೆಂಟ್ ಇರುವಾಗ್ಲೇ ರಿಪೇರಿ) ಮಾಡೋರಿಗೆ ಇದು ತುಂಬ ಮುಖ್ಯ, ಉದ್ದದ ಸ್ಟಿಕ್ ತುದೀಲಿ ಕ್ಲಿಪ್ ಎಳೀತಾರೆ, ಅದು ಕೆಳಗೆ ಬಿದ್ರೆ ಇನ್ನೊಂದನ್ನ ಅಷ್ಟು ದೂರದಿಂದ ತೂತಿಗೆ ಪೋಣಿಸೋದು ಯಾರ ಕೈಲಾಗತ್ತೆ?

ಫೋನ್ ಮಾಡಿ ಕೇಳಿದ್ರೆ ಸೇಲ್ಸ್‌ನವರು ಹೇಳಿದ್ದು, ಮ್ಯಾಗ್ನೆಟ್ ಇಟ್ಟು ನೋಡಿ ಸಾರ್, ಹಿಡಿಯಲ್ಲ, ಒರಿಜಿನಲ್ ಸ್ಟೇನ್‌ಲೆಸ್. ಅಲ್ಲ ಸ್ವಾಮಿ, ಸ್ಟೇನ್‌ಲೆಸ್ ಅಂತ ನಾನೂ ಒಪ್ತೀನಿ, ಆದ್ರೆ ಸ್ಟೇನ್‌ಲೆಸ್ ಆದ ಮಾತ್ರಕ್ಕೆ ಸ್ಪ್ರಿಂಗ್ ಆಗ್ಬಿಡತ್ತಾ? ಸ್ಪ್ರಿಂಗ್ ಗುಣ ಬರ್ಬೇಕಾದ್ರೆ ಆ ತಂತಿಯನ್ನ ತಣ್ಣಗಿರುವಾಗ್ಲೇ ಎಳೆದು ಗಟ್ಟಿ ಮಾಡಿರ್ಬೇಕು, ಹಾಗೆ ಎಳೆದ ಸ್ಟೇನ್‌ಲೆಸ್ ಸ್ವಲ್ಪ ಮ್ಯಾಗ್ನೆಟ್‌ಗೆ ಅಂಟ್ಕೊಳ್ಳೋದೂ ಉಂಟು. ಅಂದ್ರೆ ಒಂಚೂರೂ ಹಿಡೀದೇ ಇರೋದು ಇಲ್ಲಿ ಒಳ್ಳೇ ಲಕ್ಷಣ ಅಂತ ಎದೆ ತಟ್ಕೊಳ್ಳೋ ವಿಷಯನೇ ಅಲ್ಲ. ಬೇರೆ ಕಡೆಯಿಂದ ಫಾಸ್ಫರ್ ಬ್ರಾಂಜ್ ಕ್ಲಿಪ್ ತರಿಸಿ ಹಾಕಿದ್ವಿ, ಒತ್ತಿದ್ರೆ ಟಪ್ ಅಂತ ವಾಪಸ್ ಬರತ್ತೆ, ಲಾಕ್ ಆದಾಗ ಕಿವಿಗೇ ಕೇಳತ್ತೆ.

ಆರ್ಸಿಂಗ್ ಹಾರ್ನ್ ಬಗ್ಗೆ ಮಿಶ್ರ ಅಭಿಪ್ರಾಯ. ಸಿಡಿಲು ಬಡಿದು ಫ್ಲ್ಯಾಶ್‌ಓವರ್ (ಇನ್ಸುಲೇಟರ್ ಹೊರಗಿಂದ ಕರೆಂಟ್ ಹಾರೋದು) ಆದಾಗ ಆ ಮಿಂಚು ಕ್ಷಣದಲ್ಲೇ ಮುಗಿಯತ್ತೆ, ಆದ್ರೆ ಅದು ಮಾಡಿಕೊಟ್ಟ ದಾರೀಲಿ ಲೈನ್ ಕರೆಂಟೇ ಹರಿಯೋಕೆ ಶುರುವಾಗತ್ತೆ, ಡಿಸ್ಕ್ ಒಡೆಯೋದು, ಗ್ಲೇಜ್ ಸುಡೋದು, ಕ್ಯಾಪ್ ಕರಗೋದು ಎಲ್ಲ ಅದ್ರಿಂದ. ಹಾರ್ನ್ (ಕೊಂಬಿನ ಥರದ ಸರಳು) ಆ ಆರ್ಕನ್ನ (ಕಿಡಿಯ ಧಾರೆ) ಡಿಸ್ಕ್ ಮೈಯಿಂದ ದೂರ ತನ್ನ ತುದಿಗೆ ಎಳ್ಕೊಳತ್ತೆ. ಆರ್ಕ್ ಆರಿಸೋದು ಹಾರ್ನ್ ಅಂತ ಕೆಲವರು ಅಂದ್ಕೊಂಡಿದಾರೆ, ಅಲ್ಲ, ಆರಿಸೋಕೆ ಬ್ರೇಕರ್ ಓಪನ್ ಆಗ್ಲೇಬೇಕು. ಇವ್ರ ಹಾರ್ನ್ ತುದೀಲಿ ದುಂಡಗೆ ಗುಂಡು ಮಾಡಿದಾರೆ, ಗರಗಸದಲ್ಲಿ ಕತ್ತರಿಸಿ ಹಾಗೇ ಬಿಟ್ಟಿಲ್ಲ, ಚೂಪಾದ ಅಂಚಿದ್ರೆ ಅಲ್ಲೇ ಕರೋನಾ (ಸುತ್ತಲ ಗಾಳೀಲಿ ಕರೆಂಟ್ ಸೋರೋದು) ಶುರುವಾಗತ್ತೆ, ಹಾಗಾಗಿ ಖುಷಿ ಆಯ್ತು.

ತಕರಾರು ಇರೋದು ಬೋಲ್ಟ್ ಹಾಕೋ ಉದ್ದ ತೂತಿನ ಬಗ್ಗೆ. ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ಸ್ಲಾಟ್ ಕೊಟ್ಟಿದಾರೆ, ಆದ್ರೆ ಡ್ರಾಯಿಂಗಲ್ಲಿ ಗ್ಯಾಪ್ ಬರೆದಿರೋದು ಒಂದೇ ನಂಬರು, ಮತ್ತೆ ಅಡ್ಜಸ್ಟ್ ಯಾಕೆ? ಒಂದೊಂದು ಗ್ಯಾಂಗ್ ಒಂದೊಂದು ಥರ ಕೂರಿಸ್ತಾರೆ. ಗ್ಯಾಪ್ ಕಮ್ಮಿ ಆದ್ರೆ ಡಿಸ್ಕ್ ತಡ್ಕೊಳ್ತಿದ್ದ ಸಣ್ಣಪುಟ್ಟ ಸರ್ಜ್‌ಗೂ ಲೈನ್ ಟ್ರಿಪ್, ಜಾಸ್ತಿ ಆದ್ರೆ ಆರ್ಕ್ ಹಾರ್ನ್ ಬಿಟ್ಟು ಡಿಸ್ಕ್ ಮೇಲೇ ಹರಿಯತ್ತೆ, ಹಾರ್ನ್ ಹಾಕಿದ್ದೇ ದಂಡ. ಕೊನೆಗೆ ನಾವು ಒಂದು ಪಿವಿಸಿ ಪೈಪನ್ನ ಗ್ಯಾಪ್ ಅಳತೆಗೆ ಕತ್ತರಿಸಿ ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸ್ತಿದ್ವಿ, ಎರಡು ಗುಂಡಿನ ಮಧ್ಯೆ ಪೈಪ್ ಸರಿಯಾಗಿ ಕೂತ್ರೆ ಬೋಲ್ಟ್ ಟೈಟ್. ಇಂಥದ್ದೊಂದು ಗೇಜನ್ನ ಬಾಕ್ಸ್ ಜೊತೆಗೇ ಇಟ್ಟಿದ್ರೆ ಇವ್ರ ಗಂಟೇನೂ ಹೋಗ್ತಿರಲಿಲ್ಲ. ಹಾರ್ನ್ ಸವೆಯೋ ಸಾಮಾನು ಅನ್ನೋದೂ ನೆನಪಿರ್ಲಿ, ಪೆಟ್ರೋಲಿಂಗ್ ಹೋದಾಗ ಬೈನಾಕ್ಯುಲರ್‌ನಲ್ಲಿ ತುದಿ ನೋಡಿ, ಕರಗಿ ಮೊಂಡಾಗಿದ್ರೆ ಮುಂದಿನ ಶಟ್‌ಡೌನ್‌ನಲ್ಲಿ ಬದಲಾಯಿಸಿ.

ಧೂಳು ಜಾಸ್ತಿ ಇರೋ ಒಂದು ಭಾಗಕ್ಕೆ ಕಾಂಪೊಸಿಟ್ ಇನ್ಸುಲೇಟರ್ (ಫೈಬರ್ ರಾಡ್ ಮೇಲೆ ರಬ್ಬರ್ ಹೊದಿಸಿದ್ದು) ಹಾಕಿದ್ವಿ, ಅದಕ್ಕೆ ಕರೋನಾ ರಿಂಗನ್ನೂ ಇವ್ರೇ ಕೊಟ್ರು. 132 ಕೆವಿಗೆ ಸಾಮಾನ್ಯವಾಗಿ ರಿಂಗ್ ಬೇಕಾಗಲ್ಲ, 220 ದಾಟಿದ್ಮೇಲೆ ಅದ್ರ ಕಥೆ ಬೇರೆ, ಆದ್ರೂ ಹಾಕಿದ್ರೆ ನಷ್ಟ ಏನಿಲ್ಲ, ಸರಿಯಾಗಿ ಹಾಕಿದ್ರೆ. ಡಿಸ್ಕ್ ಸ್ಟ್ರಿಂಗ್‌ನಲ್ಲಿ ನಡುನಡುವೆ ಲೋಹ ಇರತ್ತೆ, ಅಲ್ಲೂ ಲೈನ್ ಕಡೆಯ ಡಿಸ್ಕ್‌ಗೇ ವೋಲ್ಟೇಜ್‌ನ ದೊಡ್ಡ ಪಾಲು ಬೀಳತ್ತೆ, ಕಾಂಪೊಸಿಟ್‌ನಲ್ಲಿ ಮಧ್ಯೆ ಏನೂ ಇಲ್ಲ, ಒತ್ತಡ ಎಲ್ಲ ಲೈನ್ ತುದೀಲಿ ಗುಡ್ಡೆ ಬೀಳತ್ತೆ. ಅಲ್ಲಿ ಕರೋನಾ ಆದ್ರೆ ತೇವದ ಜೊತೆ ಸೇರಿ ನೈಟ್ರಿಕ್ ಆಸಿಡ್ ಆಗತ್ತೆ, ರಬ್ಬರ್ ತಿನ್ನತ್ತೆ, ಸೀಲ್ ಹೋದ್ರೆ ಒಳಗಿನ ಫೈಬರ್ ರಾಡ್‌ಗೆ ತಾಗತ್ತೆ, ಆಮೇಲೆ ಒಂದಿನ ಅರ್ಧ ಲೋಡ್ ಕೂಡ ಇಲ್ದೇ ರಾಡ್ ಲಟಕ್ ಅಂತ ಮುರಿಯತ್ತೆ. ಅದಕ್ಕೆ ರಿಂಗು ಲೋಹದ ತುದಿಗಿಂತ ಸ್ವಲ್ಪ ರಬ್ಬರ್ ಕಡೆಗೆ ಬಂದು ನಿಲ್ಬೇಕು. ತಲೆಕೆಳಗಾಗಿ ಹಾಕಿದ್ರೆ ಕಂಡಕ್ಟರ್ ಕಡೆ ಹೋಗಿ ನಿಲ್ಲತ್ತೆ, ಸೀಲ್ ಬಯಲಲ್ಲೇ ಇರತ್ತೆ. ಇಷ್ಟು ಮುಖ್ಯವಾದ ವಿಷಯಕ್ಕೆ ರಿಂಗ್ ಮೇಲೆ ಒಂದು ಬಾಣದ ಗುರುತೂ ಇಲ್ಲ! ಬ್ರ್ಯಾಕೆಟ್ ಎರಡೂ ದಿಕ್ಕಿಗೂ ಹಿಡಿಯತ್ತೆ ಬೇರೆ. ನೆಲದ ಮೇಲೇ ಇನ್ಸುಲೇಟರ್‌ಗೆ ರಿಂಗ್ ಜೋಡಿಸಿ ನೋಡಿ ಆಮೇಲೆ ಮೇಲೆ ಏರಿಸೋದು ವಾಸಿ.

ಕ್ಲಾಂಪ್ ಬಗ್ಗೆ ಹೊಗಳಿಕೆ ಬಿಟ್ರೆ ಬೇರೇನಿಲ್ಲ. ಹಳೇದು ಮ್ಯಾಲಿಯಬಲ್ ಐರನ್ದು, ಕಂಡಕ್ಟರ್ ಸುತ್ತ ಕಬ್ಬಿಣ ಸುತ್ಕೊಂಡ್ರೆ ಕರೆಂಟ್ ಹರಿಯೋವಾಗ ಅದು ಸುಮ್ನೆ ಬಿಸಿಯಾಗಿ ವಿದ್ಯುತ್ ತಿನ್ನತ್ತೆ, ಹೊಸದು ಅಲ್ಯೂಮಿನಿಯಂ ಅಲಾಯ್, ಆ ಕಾಟ ಇಲ್ಲ. ಕಂಡಕ್ಟರ್ ಹೊರಗೆ ಬರೋ ಬಾಯಿ ಒಳ್ಳೇ ಉದ್ದಕ್ಕೆ ಬಾಗಿದೆ, ಬೆರಳಾಡಿಸಿದ್ರೆ ಎಲ್ಲೂ ತರಚಲ್ಲ. ಆರ್ಮರ್ ರಾಡ್ (ಕ್ಲಾಂಪ್ ಜಾಗದಲ್ಲಿ ಕಂಡಕ್ಟರ್‌ಗೆ ಸುತ್ತೋ ರಕ್ಷಣೆ ಸರಳು) ಮಧ್ಯಕ್ಕೆ ಬಣ್ಣದ ಗುರುತು ಇತ್ತು, ತುದಿಗಳು ಉಜ್ಜಿ ದುಂಡಗಾಗಿದ್ವು, ಸುತ್ತು ಕಂಡಕ್ಟರ್ ಹೊರಪದರದ ದಿಕ್ಕಿಗೇ ಇತ್ತು. ಟೆನ್ಷನ್ ಕ್ಲಾಂಪು ಕಂಪ್ರೆಷನ್ ಥರದ್ದು (ಪ್ರೆಸ್‌ನಲ್ಲಿ ಒತ್ತಿ ಹಿಡಿಸೋದು), ಕಂಡಕ್ಟರ್‌ನ ಬ್ರೇಕಿಂಗ್ ಸ್ಟ್ರೆಂತ್‌ನ 95% ತನಕ ಜಾರದೇ ಹಿಡಿಯಬೇಕು ಅನ್ನೋದು ನಿಯಮ, ಸ್ಯಾಂಪಲ್ ಟೆಸ್ಟ್‌ನಲ್ಲಿ ಆರಾಮಾಗಿ ಪಾಸಾಯ್ತು. ಡೈ ಸೈಜ್ ಮೈಮೇಲೇ ಕೊರೆದಿದಾರೆ, ಪ್ರೆಸ್ ಹೊಡೆಯೋನು ಪೇಪರ್ ಹುಡುಕೋ ಹಾಗಿಲ್ಲ.

ವೈಬ್ರೇಷನ್ ಡ್ಯಾಂಪರ್ (ಗಾಳಿಗೆ ತಂತಿ ನಡುಗೋದನ್ನ ತಗ್ಗಿಸೋದು) ಮಾಮೂಲಿ ಸ್ಟಾಕ್‌ಬ್ರಿಡ್ಜ್. 1920ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಜಾರ್ಜ್ ಸ್ಟಾಕ್‌ಬ್ರಿಡ್ಜ್ ಮಾಡಿದ ಐಡಿಯಾ, ಒಂದು ತುಂಡು ಉಕ್ಕಿನ ಹಗ್ಗ, ಎರಡು ತುದಿಗೆ ಎರಡು ತೂಕ, ಇವತ್ತಿಗೂ ಅದೇ ನಡೀತಿದೆ. ತೂಕಗಳು ಜೋಲು ಬೀಳದೇ ನೆಟ್ಟಗಿವೆ, ಬೋಲ್ಟ್ ತಲೆ ಸರಿಯಾದ ಟಾರ್ಕ್‌ಗೆ ತಾನೇ ಮುರಿದು ಬೀಳೋ ಥರದ್ದು, ಒಳ್ಳೇದು. ಹಕ್ಕಿ ಕೂರದ ಹಾಗೆ ಕ್ರಾಸ್ ಆರ್ಮ್ ಮೇಲೆ ಹಾಕೋ ಮುಳ್ಳಿನ ಗಾರ್ಡ್ ಕೂಡ ತಗೊಂಡಿದ್ವಿ, ಪ್ಲಾಸ್ಟಿಕ್ದು ಬೇಡ, ಬಿಸಿಲಿಗೆ ಬಿಳಚಿಕೊಂಡು ಮುರಿಯತ್ತೆ, ಗ್ಯಾಲ್ವನೈಸ್ಡ್ ಕೇಳಿ. ಹಾಕೋದು ಮಾತ್ರ ಸ್ಟ್ರಿಂಗ್ ನೇರ ಮೇಲೆ, ಹಕ್ಕಿ ಹಿಕ್ಕೆ ಉದ್ದಕ್ಕೆ ದಾರದ ಥರ ಬಿದ್ದಾಗ್ಲೇ ಫ್ಲ್ಯಾಶ್‌ಓವರ್ ಆಗೋದು, ಬೇರೆ ಮೂಲೇಲಿ ಹಾಕಿದ್ರೆ ಹಕ್ಕಿ ಸೀದಾ ಬಂದು ಸ್ಟ್ರಿಂಗ್ ಮೇಲೇ ಕೂರತ್ತೆ.

ಪ್ಯಾಕಿಂಗ್ ಮರದ ಪೆಟ್ಟಿಗೇಲಿ ಬಂತು, ಸೆಟ್ ಸೆಟ್ ಆಗಿ ಕಟ್ಟಿದ್ರು, ಯೋಕ್ ಪ್ಲೇಟ್ ಒಂದು ಕಡೆ ಶ್ಯಾಕಲ್ ಒಂದು ಕಡೆ ಅಂತ ಹುಡುಕಾಟ ಇರಲಿಲ್ಲ. ಟೆಸ್ಟ್ ಸರ್ಟಿಫಿಕೇಟ್‌ನಲ್ಲಿ ಪ್ರತಿ ಫೋರ್ಜಿಂಗ್‌ಗೂ ಬ್ಯಾಚ್ ಪ್ರಕಾರ ರಿಸಲ್ಟ್ ಇದೆ, ಕ್ಲಿಪ್‌ಗೆ ಮಾತ್ರ ಒಂದು ಸಾಲೂ ಇಲ್ಲ. ನಾವು ದೂರು ಕೊಟ್ಮೇಲೆ ಬದಲಿ ಕ್ಲಿಪ್ ಕಳಿಸಿದ್ರು, ಬಿಲ್ ಹಾಕ್ಲಿಲ್ಲ, ಬೇಗನೂ ಬಂತು, ಆದ್ರೆ ಅದೇ ತಂತಿ, ಅದೇ ಮೆತ್ತಗೆ. ಮುಂದಿನ ಆರ್ಡರ್‌ನಲ್ಲಿ ಫೋರ್ಜಿಂಗು, ಕ್ಲಾಂಪು ಇವ್ರ ಹತ್ರನೇ ತಗೋತೀವಿ, ಕ್ಲಿಪ್ ಮತ್ತೆ ಸ್ಪ್ಲಿಟ್ ಪಿನ್ ಬೇರೆ ಕಡೆಯಿಂದ, ಅದೂ ಅನ್‌ಲಾಕ್ ಟೆಸ್ಟ್ ರಿಪೋರ್ಟ್ ಕೈಗೆ ಬಂದ್ಮೇಲೇನೇ ದುಡ್ಡು.