ದಿನಾ ಆಫೀಸಿಗೆ ಯಾವುದು? ಅಬಾರ್ಥ್ ಪುಂಟೊ, ಪೋಲೊ ಜಿಟಿ, ಆಕ್ಟೇವಿಯಾ ಆರ್‌ಎಸ್

ಸೆಕೆಂಡ್ ಹ್ಯಾಂಡ್ ಸ್ಪೋರ್ಟಿ ಕಾರು ನೋಡಲು ಹೋದವರು ಮೊದಲು ಕೇಳುವುದು ಹಾರ್ಸ್‌ಪವರ್ ಎಷ್ಟು, ನೂರು ಮುಟ್ಟಲು ಎಷ್ಟು ಸೆಕೆಂಡು ಅಂತ. ವಾರಕ್ಕೊಮ್ಮೆ ನಂದಿ ಬೆಟ್ಟಕ್ಕೆ ಹೋಗಿ ಬರುವ ಕಾರಾದರೆ ಆ ಪ್ರಶ್ನೆ ಸರಿ. ಅದೇ ಕಾರಿನಲ್ಲಿ ದಿನಾ ಬೆಂಗಳೂರಿನೊಳಗೆ ಆಫೀಸಿಗೆ ಹೋಗಬೇಕು ಅಂದರೆ ಲೆಕ್ಕ ಬೇರೆ. ನಿಮ್ಮ ದಿನದ ಓಟವೆಲ್ಲ 20ರಿಂದ 50 ಕಿಲೋಮೀಟರ್ ವೇಗದೊಳಗೇ ಮುಗಿಯುತ್ತದೆ. ಆ ವೇಗದಲ್ಲಿ ಕಾರು ಖುಷಿ ಕೊಡುತ್ತದಾ, ಮೈಕೈ ನೋಯಿಸುತ್ತದಾ ಅನ್ನುವುದನ್ನೇ ನೋಡಬೇಕು.

ನಮ್ಮ ಕುಟುಂಬದಲ್ಲಿ ಇಂಥ ಮೂರು ಕಾರುಗಳಿವೆ. ಮೂರನ್ನೂ ಹಳೆಯದಾಗಿಯೇ ಕೊಂಡಿದ್ದು. ನನ್ನದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ತಮ್ಮನದು ಫಿಯೆಟ್ ಅಬಾರ್ಥ್ ಪುಂಟೊ, ಭಾವನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಕೀಲಿ ಬದಲಾಯಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲು. ಹಾಗಾಗಿ ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿಗೆ ಹೋಗುವ ದಾರಿಯಲ್ಲಿ ಮೂರನ್ನೂ ಸಾಕಷ್ಟು ಓಡಿಸಿದ್ದೇನೆ. ಮಳೆಗಾಲ, ಬೇಸಿಗೆ, ಹಬ್ಬದ ಹಿಂದಿನ ದಿನದ ಟ್ರಾಫಿಕ್ಕು, ಎಲ್ಲದರಲ್ಲೂ.

ಇವು ಸ್ಪೋರ್ಟ್ಸ್ ಕಾರಾ ಅಂತ ಯಾರಾದರೂ ಕೇಳಬಹುದು. ಬಿಎಂಡಬ್ಲ್ಯೂ ಝಡ್4, ಆಡಿ ಟಿಟಿ, ಪೋರ್ಶೆ ಬಾಕ್ಸ್‌ಟರ್ ಕೂಡ ನಮ್ಮೂರಿನಲ್ಲಿ ಹಳೆಯದಾಗಿ ಸಿಗುತ್ತವೆ. ಆದರೆ ಎರಡು ಬಾಗಿಲು, ನೆಲಕ್ಕೆ ಅಂಟಿಕೊಂಡ ಸೀಟು, ಅಮ್ಮನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗಲಾಗದ ಕಾರು ನಮಗೆ ಆಗಿಬರುವುದಿಲ್ಲ. ಸಂಬಳದ ಮೇಲೆ ಬದುಕುವ ಮನೆಯಲ್ಲಿ ಒಂದೇ ಕಾರು ಎಲ್ಲ ಕೆಲಸಕ್ಕೂ ಬರಬೇಕು. ಆ ಮಿತಿಯೊಳಗೆ ಓಡಿಸುವ ಖುಷಿ ಕೊಡುವ ಕಾರು ಅಂದರೆ ಇವೇ.

ಮೊದಲು ಕಾಗದದ ಮೇಲಿನ ಲೆಕ್ಕ. ಅಬಾರ್ಥ್ ಪುಂಟೊ 2015ರಲ್ಲಿ ಬಂದಾಗ ಎಕ್ಸ್ ಶೋರೂಂ ಬೆಲೆ 9.95 ಲಕ್ಷ. 1.4 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 145 ಹಾರ್ಸ್‌ಪವರ್, 212 ಎನ್‌ಎಂ ಟಾರ್ಕ್ (ಎಳೆಯುವ ಬಲ), 5 ಗೇರಿನ ಮ್ಯಾನ್ಯುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಹತ್ತು ಲಕ್ಷದೊಳಗಿನ ಸಣ್ಣ ಕಾರಿನಲ್ಲಿ ಇಷ್ಟು ಶಕ್ತಿ ಆಗ ಬೇರೆ ಯಾರೂ ಕೊಡುತ್ತಿರಲಿಲ್ಲ. ಪೋಲೊ ಜಿಟಿ ಟಿಎಸ್‌ಐ 2013ರದ್ದು. 1.2 ಲೀಟರ್ ಟರ್ಬೊ, 105 ಹಾರ್ಸ್‌ಪವರ್, 175 ಎನ್‌ಎಂ, 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್. 2017ರಲ್ಲಿ ಬಂದ ಆಕ್ಟೇವಿಯಾ ಆರ್‌ಎಸ್ 2 ಲೀಟರ್ ಟರ್ಬೊ, 230 ಹಾರ್ಸ್‌ಪವರ್, 350 ಎನ್‌ಎಂ, 6 ಗೇರಿನ ಡಿಎಸ್‌ಜಿ. ಹೊಸದರಲ್ಲಿ ಬೆಲೆ ಸುಮಾರು 25 ಲಕ್ಷ. ನೂರು ಮುಟ್ಟಲು ಕಂಪನಿಗಳು ಹೇಳುವ ಸಮಯ ಆಕ್ಟೇವಿಯಾಗೆ 6.8 ಸೆಕೆಂಡು, ಅಬಾರ್ಥ್‌ಗೆ 8.8, ಪೋಲೊಗೆ 9.7.

ಈಗ ಇದೇ ಮೂರನ್ನೂ ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್‌ಗೆ ತನ್ನಿ.

ಅಬಾರ್ಥ್‌ನ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ, ಎಂಜಿನ್ ನಿಮಿಷಕ್ಕೆ 2,000 ಸುತ್ತು (ಆರ್‌ಪಿಎಂ) ದಾಟಿದ ಮೇಲೆ ಎದ್ದು ಕೂರುತ್ತದೆ. ಅದಕ್ಕಿಂತ ಕೆಳಗೆ ಅದೊಂದು ಸಾಧಾರಣ ಕಾರು. ಟ್ರಾಫಿಕ್ಕಿನಲ್ಲಿ ನೀವು ಇರುವುದೆಲ್ಲ ಆ ಕೆಳಗಿನ ಜಾಗದಲ್ಲೇ. ಎರಡನೇ ಗೇರಿನಲ್ಲಿ ತೆವಳುತ್ತಿರುವಾಗ ಮುಂದೆ ಜಾಗ ಸಿಕ್ಕಿತು ಅಂತ ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಅಷ್ಟರಲ್ಲಿ ಆ ಜಾಗದಲ್ಲಿ ಆಟೊ ಬಂದು ನಿಂತಿರುತ್ತದೆ. ಕ್ಲಚ್ ಕೂಡ ಗಟ್ಟಿ. ಒಂದೂವರೆ ಗಂಟೆ ತುಳಿದ ಮೇಲೆ ಎಡ ಮಂಡಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಇಷ್ಟೆಲ್ಲ ಇದ್ದರೂ ಅದರ ಸ್ಟೀರಿಂಗ್ ಮಾತ್ರ ನನಗೆ ತುಂಬಾ ಇಷ್ಟ. ಹಳೆಯ ಹೈಡ್ರಾಲಿಕ್ ಸ್ಟೀರಿಂಗ್ ಅದು. ಮೂವತ್ತರ ವೇಗದಲ್ಲೂ ರಸ್ತೆ ಹೇಗಿದೆ ಅಂತ ಅಂಗೈಗೆ ತಿಳಿಯುತ್ತದೆ. ಜಯದೇವದ ಹತ್ತಿರ ಸುಮ್ನೆ ಒಂದು ತಿರುವು ತೆಗೆದುಕೊಂಡರೂ ಖುಷಿಯಾಗುತ್ತದೆ.

ಪೋಲೊದ ಎಂಜಿನ್ 1,500 ಆರ್‌ಪಿಎಂಗೇ ಪೂರ್ತಿ ಟಾರ್ಕ್ ಕೊಡುತ್ತದೆ. ಕಾಲು ಸ್ವಲ್ಪ ಒತ್ತಿದರೆ ಸಾಕು, ಸಣ್ಣ ಜಾಗಕ್ಕೆ ಸಲೀಸಾಗಿ ಜಾರಿಕೊಳ್ಳುತ್ತದೆ. ಉದ್ದ 4 ಮೀಟರಿಗಿಂತ ಕಡಿಮೆ. ಸ್ಟೀರಿಂಗ್ ಹಗುರ. ನಗರದೊಳಗೆ 105 ಹಾರ್ಸ್‌ಪವರ್ ಕಮ್ಮಿ ಅಂತ ನನಗೆ ಅನ್ನಿಸಿದ್ದೇ ಇಲ್ಲ. ಇರುವಷ್ಟೂ ಶಕ್ತಿ ಕೈಗೆ ಸಿಗುತ್ತದೆ, ಅದೇ ಮುಖ್ಯ. ಆದರೆ ಇದರ ಗೇರ್‌ಬಾಕ್ಸ್ ಒಣ ಕ್ಲಚ್‌ನದು. ಇಂಚಿಂಚೇ ತೆವಳುವುದು ಅದಕ್ಕೆ ಒಗ್ಗುವುದಿಲ್ಲ. ತೆವಳುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಡುತ್ತಾ ಇರುತ್ತದೆ, ಬಿಸಿಯಾಗುತ್ತದೆ. ಅದಕ್ಕೆ ನಾನು ಮುಂದಿನ ಕಾರಿನ ಬಾಲ ಹಿಡಿದು ಹೋಗುವುದಿಲ್ಲ. ಎರಡು ಕಾರಿನಷ್ಟು ಜಾಗ ಆಗುವವರೆಗೆ ಬ್ರೇಕ್ ಒತ್ತಿ ನಿಲ್ಲುತ್ತೇನೆ, ಆಮೇಲೆ ಒಂದೇ ಸಲ ಮುಂದೆ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಆಕ್ಟೇವಿಯಾದ ಡಿಎಸ್‌ಜಿಯಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಶಾಖ ತಡೆಯುತ್ತದೆ. ಟ್ರಾಫಿಕ್ಕಿನಲ್ಲಿ ಮೂರರ ಪೈಕಿ ಅತಿ ಆರಾಮ ಇದೇ. ಸೀಟು ಬೆನ್ನನ್ನು ತಬ್ಬಿ ಹಿಡಿಯುತ್ತದೆ, ಒಳಗೆ ಸದ್ದಿಲ್ಲ. ಆದರೆ ಇಷ್ಟು ನಿಧಾನದಲ್ಲಿ ಇದು ಸ್ಪೋರ್ಟಿ ಕಾರು ಅಂತ ನೆನಪಾಗುವುದೇ ಇಲ್ಲ. ನಗರದಲ್ಲಿ 230ರಲ್ಲಿ ಎಷ್ಟನ್ನು ಬಳಸುತ್ತೀರಿ? ಉದ್ದ ಬೇರೆ 4.7 ಮೀಟರ್ ಹತ್ತಿರ. ಭಾವನ ಆಫೀಸಿನ ಬೇಸ್‌ಮೆಂಟಿನ ಸುರುಳಿ ರ್‍ಯಾಂಪ್‌ನಲ್ಲಿ ಅದನ್ನು ತಿರುಗಿಸಿ ಇಳಿಸುವುದಕ್ಕೆ ತಾಳ್ಮೆ ಬೇಕು.

ಹಂಪುಗಳ ವಿಚಾರ. ಅಬಾರ್ಥ್‌ಗೆ ನೆಲದಿಂದ 155 ಮಿಲಿಮೀಟರ್ ಎತ್ತರ, ಮಾಮೂಲಿ ಪುಂಟೊಗಿಂತ ಚೆನ್ನಾಗಿ ತಗ್ಗು. ಗಟ್ಟಿ ಸಸ್ಪೆನ್ಷನ್. ಬಡಾವಣೆಯವರೇ ಸಿಮೆಂಟು ಸುರಿದು ಮಾಡಿದ ಹಂಪುಗಳಿರುತ್ತವಲ್ಲ, ಅಲ್ಲಿ ನಾಲ್ಕು ಜನ ಕೂತಿದ್ದರೆ ಓರೆಯಾಗಿ ಹತ್ತಿಸಬೇಕು. ಪೋಲೊ ಇದಕ್ಕಿಂತ ಸ್ವಲ್ಪ ಎತ್ತರ, ಹೆಚ್ಚಿನ ಹಂಪುಗಳನ್ನು ನೇರವಾಗಿ ದಾಟುತ್ತದೆ. ಆಕ್ಟೇವಿಯಾಗೆ ಮೂತಿಯೂ ಉದ್ದ, ಹೊಟ್ಟೆಯೂ ತಗ್ಗು. ಟೈರಿನ ಪಕ್ಕದ ಗೋಡೆ ತೆಳು. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ ಕಂಡರೆ ಭಾವ ಕಾರನ್ನು ಬಹುತೇಕ ನಿಲ್ಲಿಸಿಯೇ ಬಿಡುತ್ತಾರೆ. ಒಂದು ಅಲಾಯ್ ಚಕ್ರ ಬಾಗಿದರೆ ಆಗುವ ಖರ್ಚು ಅವರಿಗೆ ಗೊತ್ತು.

ಘಟ್ಟಕ್ಕೆ ಹೋದರೆ ಮಾತೇ ಬದಲಾಗುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆಗೆ ಹೋಗುವ ದಾರಿಯಲ್ಲಿ ಅಬಾರ್ಥ್‌ಗೆ ಸಾಟಿ ಇಲ್ಲ. ಎರಡು, ಮೂರು, ಮತ್ತೆ ಎರಡು, ಇಷ್ಟೇ ಗೇರು. ಎಂಜಿನ್ 2,000ದ ಮೇಲೇ ಇರುತ್ತದೆ, ಟರ್ಬೊ ನಿದ್ದೆ ಮಾಡಲು ಪುರುಸೊತ್ತೇ ಇಲ್ಲ. ಮೂತಿ ನೀವು ತೋರಿಸಿದ ಕಡೆಗೆ ಹೋಗುತ್ತದೆ. ಬ್ರೇಕಿನ ಮೇಲೆ ಪೂರ್ತಿ ನಂಬಿಕೆ ಇಡಬಹುದು. ಆದರೆ ಮಳೆ ಬಂದಾಗ ಒಂದು ವಿಷಯ ಮರೆಯಬಾರದು. ಪೋಲೊದಲ್ಲೂ ಆಕ್ಟೇವಿಯಾದಲ್ಲೂ ಕಾರು ಜಾರದಂತೆ ನೋಡಿಕೊಳ್ಳುವ ಇಎಸ್‌ಪಿ ಇದೆ, ಅಬಾರ್ಥ್‌ನಲ್ಲಿ ಇಲ್ಲ. ತಮ್ಮನಿಗೆ ಈ ಮಾತು ಪ್ರತಿ ಸಲ ಹೇಳುತ್ತೇನೆ. “ಗೊತ್ತು ಬಿಡಣ್ಣಾ” ಅನ್ನುತ್ತಾನೆ. ಆದರೂ ಹೇಳುತ್ತೇನೆ. ಆಕ್ಟೇವಿಯಾ ಘಟ್ಟದಲ್ಲಿ ವೇಗ, ಆದರೆ ಅಗಲದ ಕಾರು, ಇಕ್ಕಟ್ಟಿನ ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೆ ಉಸಿರು ಬಿಗಿಹಿಡಿಯಬೇಕು. ಅದರ ನಿಜವಾದ ಜಾಗ ಹೆದ್ದಾರಿ. ನಡುವೆ ವಿಭಜಕ ಇಲ್ಲದ ಎರಡು ಪಥದ ಹೆದ್ದಾರಿಯಲ್ಲಿ ಲಾರಿಯನ್ನು ಅದು ದಾಟುವ ಪರಿ ನೋಡಬೇಕು. ಎದುರು ಪಥದಲ್ಲಿ ಇರುವ ಹೊತ್ತು ಕಡಿಮೆಯಾದಷ್ಟೂ ಕ್ಷೇಮ ಅಲ್ವಾ? ಶಕ್ತಿಯ ನಿಜವಾದ ಉಪಯೋಗ ನನಗೆ ಕಂಡಿದ್ದು ಅಲ್ಲಿ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಮಿತಿಯೇ 100, ಕ್ಯಾಮೆರಾಗಳೂ ಇವೆ. ಅಲ್ಲಿ ಮೂರು ಕಾರೂ ಒಂದೇ.

ಮನೆಯವರ ಲೆಕ್ಕದಲ್ಲಿ ಆಕ್ಟೇವಿಯಾ ಸುಲಭವಾಗಿ ಗೆಲ್ಲುತ್ತದೆ. ಡಿಕ್ಕಿ 590 ಲೀಟರ್, ಹಿಂದಿನ ಗಾಜೂ ಸೇರಿ ಬಾಗಿಲು ಮೇಲೇಳುತ್ತದೆ. ತಿಪಟೂರಿನ ಕಡೆಯ ನಮ್ಮ ತೋಟದಿಂದ ತೆಂಗಿನಕಾಯಿ ಮೂಟೆ, ಅಕ್ಕಿ ಚೀಲ, ಬಾಳೆಗೊನೆ ಎಲ್ಲ ಹಾಕಿದರೂ ಇನ್ನೂ ಜಾಗ ಇರುತ್ತದೆ. ಪೋಲೊದ ಹಿಂದಿನ ಸೀಟು ಇಕ್ಕಟ್ಟು. ಮುಂದೆ ಎತ್ತರದವರು ಕೂತರೆ ಹಿಂದಿನವರ ಮಂಡಿ ಸೀಟಿಗೆ ತಾಗುತ್ತದೆ. ಆದರೆ ಅಮ್ಮನಿಗೆ ಹತ್ತಿ ಇಳಿಯಲು ಸಲೀಸು ಅಬಾರ್ಥ್. ಸೀಟು ಎತ್ತರದಲ್ಲಿದೆ, ಮಂಡಿ ಜಾಸ್ತಿ ಬಗ್ಗಿಸಬೇಕಿಲ್ಲ. ಕೂತ ಮೇಲೆ ಮಾತ್ರ ಪ್ರತಿ ಹಂಪಿಗೂ “ನಿಧಾನ ಕಣೋ” ಅನ್ನುತ್ತಾರೆ.

ಪೆಟ್ರೋಲ್ ಕುಡಿಯುವ ವಿಷಯದಲ್ಲಿ ಮೂರೂ ಉಳಿತಾಯದ ಕಾರುಗಳಲ್ಲ. ನಗರದಲ್ಲಿ ಲೀಟರಿಗೆ ಪೋಲೊ ಹತ್ತರ ಆಸುಪಾಸು, ಅಬಾರ್ಥ್ ಅದಕ್ಕಿಂತ ತುಸು ಕಡಿಮೆ, ಆಕ್ಟೇವಿಯಾ ಏಳೆಂಟು. ಮೂರೂ ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬರುವ ಮೊದಲಿನ ಕಾರುಗಳು. ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ, ಹಾಗಾಗಿ ಮೈಲೇಜ್ ಇಳಿಯುವುದು ಸಹಜ. ಹಳೆಯ ಕಾರಿನಲ್ಲಿ ರಬ್ಬರ್ ಪೈಪು, ಸೀಲುಗಳನ್ನು ಪ್ರತಿ ಸರ್ವೀಸಿನಲ್ಲಿ ನೋಡಿಸುವುದು ಒಳ್ಳೆಯದು. 100 ಆಕ್ಟೇನ್ ಪೆಟ್ರೋಲ್ ಹಾಕಿದರೆ ಎಂಜಿನ್ ಖುಷಿಯಾಗಿರುತ್ತದೆ ನಿಜ, ಆದರೆ ದಿನಾ ಓಡಿಸುವವರ ಜೇಬಿಗೆ ಅದು ಆಗದ ಮಾತು.

ಇನ್ನು ನಿಜವಾದ ಖರ್ಚಿನ ಮಾತು. ಹಳೆಯ ಸ್ಪೋರ್ಟಿ ಕಾರು ಕೊಳ್ಳುವಾಗ ಕಾರಿಗಿಂತ ಮೊದಲು ಮೆಕ್ಯಾನಿಕ್ ಹುಡುಕಿ. ಅಬಾರ್ಥ್‌ಗೆ ಇದು ಎರಡು ಪಟ್ಟು ನಿಜ. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್6 ನಿಯಮ ಬರುವ ಮೊದಲೇ ಫಿಯೆಟ್ ನಮ್ಮ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಆಯಿಲ್ ಫಿಲ್ಟರ್, ಬ್ರೇಕ್ ಪ್ಯಾಡಿನಂಥ ಮಾಮೂಲಿ ಸಾಮಾನು ಸಿಗುತ್ತದೆ. ಅಬಾರ್ಥ್‌ಗೆಂದೇ ಮಾಡಿದ ಭಾಗಗಳನ್ನು ಹುಡುಕಬೇಕು. ನನ್ನ ತಮ್ಮ ಜೆ.ಸಿ. ರಸ್ತೆಯ ಅಂಗಡಿಗಳನ್ನೂ, ಬೇರೆ ಊರಿನ ಫಿಯೆಟ್ ಪ್ರಿಯರನ್ನೂ ಪರಿಚಯ ಮಾಡಿಕೊಂಡಿದ್ದಾನೆ. ಈ ಹುಡುಕಾಟವೇ ಅವನಿಗೆ ಇಷ್ಟ. ನಿಮಗೆ ಇಷ್ಟವಿಲ್ಲದಿದ್ದರೆ ಆ ಕಾರಿನ ತಂಟೆಗೆ ಹೋಗಬೇಡಿ.

ಪೋಲೊ ಕೂಡ 2022ರಲ್ಲಿ ನಿಂತುಹೋಯಿತು. ಆದರೆ ಅದು ನಮ್ಮಲ್ಲಿ ಹನ್ನೆರಡು ವರ್ಷ ಮಾರಾಟವಾದ ಕಾರು, ಕಂಪನಿ ಇಲ್ಲೇ ಇದೆ, ಸಾಮಾನಿಗೆ ಕಷ್ಟವಿಲ್ಲ. ಚಿಂತೆ ಇರುವುದು ಗೇರ್‌ಬಾಕ್ಸಿನದು. ಈ 7 ಗೇರಿನ ಡಿಎಸ್‌ಜಿಯ ಎಣ್ಣೆಯಿಂದ ವಿದ್ಯುತ್ ತೊಂದರೆ ಆಗಬಹುದು ಅಂತ 2013ರಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸು ಕರೆದು ಎಣ್ಣೆ ಬದಲಿಸಿದ್ದರು. ಅದರಲ್ಲಿ ಗೇರು, ಕ್ಲಚ್ ನಿಯಂತ್ರಿಸುವ ಮೆಕಾಟ್ರಾನಿಕ್ ಅನ್ನುವ ಭಾಗ ಕೆಟ್ಟರೆ ರಿಪೇರಿ ಖರ್ಚು ಲಕ್ಷದ ಮಾತು. ಕೊಳ್ಳುವ ಮೊದಲು ಸ್ಕ್ಯಾನರ್ ಹಾಕಿಸಿ ಗೇರ್‌ಬಾಕ್ಸಿನ ದೋಷಗಳನ್ನು ಓದಿಸಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರಿನಲ್ಲಿ ನಿಲ್ಲಿಸಿ ಹೊರಡಿಸಿ. ಒಂದರಿಂದ ಎರಡಕ್ಕೆ ಹೋಗುವಾಗ ನಡುಗಿದರೆ ಕೈ ಮುಗಿದು ಬನ್ನಿ. ಈ ತಲೆನೋವೇ ಬೇಡ ಅಂದರೆ 2020ರ ನಂತರದ 1.0 ಟಿಎಸ್‌ಐ ನೋಡಿ. ಅದರಲ್ಲಿ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಮಾಮೂಲಿ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಇದೆ. ಮೂರು ಸಿಲಿಂಡರಿನ ಸದ್ದು ಅಷ್ಟು ಇಂಪಲ್ಲ, ಆದರೆ ಟ್ರಾಫಿಕ್ಕಿಗೆ ಹೆಚ್ಚು ಗಟ್ಟಿ.

ಆಕ್ಟೇವಿಯಾದಲ್ಲಿ ಎಲ್ಲವೂ ಸಿಗುತ್ತದೆ, ಎಲ್ಲವೂ ದುಬಾರಿ. ಟೈರು, ಬ್ರೇಕ್ ಡಿಸ್ಕು, ಇನ್ಶೂರೆನ್ಸು, ಯಾವುದನ್ನು ಮುಟ್ಟಿದರೂ ಪೋಲೊದ ಎರಡರಷ್ಟು ಅಂತಿಟ್ಟುಕೊಳ್ಳಿ. ಕಾರು ಹಳೆಯದಾಗಿ ಅಗ್ಗವಾದರೂ ಅದರ ಸಾಮಾನು ಅಗ್ಗವಾಗುವುದಿಲ್ಲ.

ದೆಹಲಿ ನೋಂದಣಿಯ ಕಾರು ಕಡಿಮೆಗೆ ಸಿಗುತ್ತದೆ ಅಂತ ಹೊರಡುವವರು ಒಂದು ಲೆಕ್ಕ ಹಾಕಿ. ಇಲ್ಲಿ ಇಟ್ಟುಕೊಳ್ಳಬೇಕಾದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ತಂದು ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ನಮ್ಮ ರಾಜ್ಯದ ತೆರಿಗೆ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಉಳಿಸಿದ ದುಡ್ಡು ಆರ್‌ಟಿಒದಲ್ಲೇ ಕರಗುತ್ತದೆ. ಕೆಎ ನೋಂದಣಿಯ ಕಾರನ್ನೇ ಹುಡುಕಿ.

ನನ್ನ ತೀರ್ಮಾನ ಸ್ಪಷ್ಟ. ಬೆಂಗಳೂರಿನಲ್ಲಿ ದಿನಾ ಓಡಿಸಲು ಒಂದೇ ಕಾರು ಅಂದರೆ ಪೋಲೊ. ಮೂರರಲ್ಲಿ ಶಕ್ತಿ ಅತಿ ಕಡಿಮೆ, ಆದರೆ ಆಫೀಸಿನ ದಾರಿಯಲ್ಲಿ ಖುಷಿ ಅತಿ ಹೆಚ್ಚು ಕೊಡುವುದು ಅದೇ. ತಿಂಗಳಿಗೆ ಎರಡು ಮೂರು ಸಲ ಊರಿಗೆ ಹೋಗುವವರು, ಮನೆಯಲ್ಲಿ ಐದು ಜನ ಇರುವವರು, ಸರ್ವೀಸಿಗೆ ಅಂತ ಪ್ರತ್ಯೇಕ ದುಡ್ಡು ತೆಗೆದಿಡಬಲ್ಲವರು ಆಕ್ಟೇವಿಯಾ ಕೊಳ್ಳಲಿ. ಕೊಳ್ಳುವಾಗ ಡಿಎಸ್‌ಜಿ ಎಣ್ಣೆಯನ್ನು 60,000 ಕಿಲೋಮೀಟರಿಗೆ ಬದಲಿಸಿದ ಬಿಲ್ಲು ಕೇಳಲಿ. ಅಬಾರ್ಥ್ ಮೂರರಲ್ಲಿ ನನ್ನ ಮನಸ್ಸಿಗೆ ಅತಿ ಹತ್ತಿರದ ಕಾರು. ಆದರೆ ದಿನದ ಓಡಾಟಕ್ಕೆ ಮೆಟ್ರೊ ಇದ್ದು, ಕಾರನ್ನು ಶನಿವಾರ ಭಾನುವಾರ ತೆಗೆಯುವವರಿಗೆ ಮಾತ್ರ ನಾನು ಅದನ್ನು ಹೇಳುತ್ತೇನೆ. ತಮ್ಮ ಈಗ ಮಾಡುತ್ತಿರುವುದೂ ಅದನ್ನೇ. ವಾರದ ದಿನ ಮೆಟ್ರೊದಲ್ಲಿ ಹೋಗುತ್ತಾನೆ, ತೀರಾ ಬೇಕಾದಾಗ ನನ್ನ ಪೋಲೊ ಕೇಳುತ್ತಾನೆ.