ಕ್ಯೂಬೆಕ್‌ನ ಪೂರ್ವಜನೊಬ್ಬನ ಹುಡುಕಾಟ: ನಾಲ್ಕು ದಾರಿಗಳ ಹೋಲಿಕೆ

ನಮ್ಮ ಸೊಸೆಯ ತವರು ಕೆನಡಾದ ಕ್ಯೂಬೆಕ್. ಮೊಮ್ಮಗಳು ಹುಟ್ಟಿದ ಮೇಲೆ ಎರಡೂ ಕಡೆಯ ವಂಶಾವಳಿಯನ್ನು ಬರೆದಿಡಲು ಕುಳಿತೆ. ನಮ್ಮ ಕಡೆಯದು ಐದನೆಯ ತಲೆಮಾರಿಗೇ ನಿಂತುಹೋಯಿತು. ಹೆಳವರು ಬಂದು ವಂಶ ಹೇಳುತ್ತಿದ್ದ ಕಾಲದಲ್ಲಿ ಯಾರೂ ಅದನ್ನು ಬರೆದುಕೊಂಡಿರಲಿಲ್ಲ. ಸೊಸೆಯ ಕಡೆಯದು ಮಾತ್ರ, ಫ್ರಾನ್ಸಿನ ಪೆರ್ಶ್ ಸೀಮೆಯ ಮೊರ್ತಾನ್ಯದಿಂದ 1634ರಲ್ಲಿ ನ್ಯೂ ಫ್ರಾನ್ಸಿಗೆ (ಅಂದಿನ ಫ್ರೆಂಚ್ ವಸಾಹತಾಗಿದ್ದ ಕೆನಡಾಕ್ಕೆ) ಹೊರಟುಬಂದ ಝಕಾರಿ ಕ್ಲೂಟಿಯೆ ಎಂಬ ಬಡಗಿಯವರೆಗೂ ತಲುಪಿತು. ಒಂದೇ ವಂಶವನ್ನು ನಾಲ್ಕು ದಾರಿಗಳಲ್ಲಿ ಹುಡುಕಿ ನೋಡಿದ್ದರಿಂದ ಅವುಗಳ ಗುಣದೋಷಗಳನ್ನು ಹೇಳಬಲ್ಲೆ.

ಮೊದಲು ಕೈಗೆತ್ತಿಕೊಂಡದ್ದು ಪಾದ್ರಿ ಸಿಪ್ರಿಯಾಂ ತಾಂಗೇ ಅವರ ವಂಶಾವಳಿ ನಿಘಂಟು. 1871ರಿಂದ 1890ರವರೆಗೆ ಏಳು ಸಂಪುಟಗಳಲ್ಲಿ ಹೊರಬಂದ ಈ ಕೃತಿ ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಒಬ್ಬ ಮನುಷ್ಯ ಇಷ್ಟನ್ನು ಕೈಬರಹದಲ್ಲಿ ಸಂಗ್ರಹಿಸಿದ್ದು ಬೆರಗಿನ ಸಂಗತಿಯೇ ಆದರೂ ಇದರಲ್ಲಿ ತಪ್ಪುಗಳಿವೆ, ಬಿಟ್ಟುಹೋದವೂ ಇವೆ. ದಿಕ್ಕು ತಿಳಿಯಲು ಸಾಕು, ಸಾಕ್ಷಿಗೆ ಸಾಲದು.

ಎರಡನೆಯದು ಪಿಆರ್‌ಡಿಎಚ್, ಅಂದರೆ ಐತಿಹಾಸಿಕ ಜನಸಂಖ್ಯಾ ಸಂಶೋಧನಾ ಯೋಜನೆಯ ದತ್ತಾಂಶ ಸಂಗ್ರಹ. ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಆರಂಭವಾದ ಈ ಯೋಜನೆಯವರು ಕ್ಯಾಥೊಲಿಕ್ ಚರ್ಚುಗಳ ನಾಮಕರಣ, ಮದುವೆ, ಶವಸಂಸ್ಕಾರದ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ, ಪ್ರತಿ ಕುಟುಂಬವನ್ನೂ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ವಿವರ ನೋಡಲು ಹಣ ತೆರಬೇಕು. ಆದರೆ ಕೊಟ್ಟ ಹಣಕ್ಕೆ ಮೋಸವಿಲ್ಲ, ಏಕೆಂದರೆ ಇಲ್ಲಿನ ನಿಜವಾದ ತೊಡಕು ಹೆಸರುಗಳದು. ಮಿವಿಲ್ ಮನೆತನದವರನ್ನು ‘ಮಿವಿಲ್ ದಿ ದೆಶೇನ್’, ಅಂದರೆ ದೆಶೇನ್ ಎಂಬ ಅಡ್ಡಹೆಸರಿನ ಮಿವಿಲ್, ಎಂದೂ ಬರೆಯುತ್ತಿದ್ದರು. ಮುಂದೆ ಒಂದು ಕವಲು ಮೊದಲ ಹೆಸರನ್ನು ಉಳಿಸಿಕೊಂಡರೆ ಇನ್ನೊಂದು ಅಡ್ಡಹೆಸರನ್ನೇ ಮನೆತನದ ಹೆಸರಾಗಿಸಿಕೊಂಡಿತು. ಇಂಥ ಗೋಜಲನ್ನು ಒಂಟಿಯಾಗಿ ಬಿಡಿಸಲು ವರ್ಷಗಳೇ ಬೇಕಾಗುತ್ತವೆ, ಇಲ್ಲಿ ಅದನ್ನು ಬಲ್ಲವರು ಮೊದಲೇ ಬಿಡಿಸಿಟ್ಟಿದ್ದಾರೆ. ಕ್ಲೂಟಿಯೆಯ ಸಂತತಿ 1800ರ ಹೊತ್ತಿಗೆ 10,850 ಜನರಷ್ಟಿತ್ತು ಎಂಬ ಲೆಕ್ಕವೂ ಇವರದ್ದೇ. ಮಿತಿಯೆಂದರೆ, ಹತ್ತೊಂಬತ್ತನೆಯ ಶತಮಾನದ ನಡುವಿನಾಚೆಗೆ ಇದು ನೆರವಾಗುವುದಿಲ್ಲ.

ಆ ಅಂತರವನ್ನು ತುಂಬಿದ್ದು ಮೂಲ ರಿಜಿಸ್ಟರುಗಳ ಚಿತ್ರಗಳು. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಜಾಲತಾಣದಲ್ಲಿ ಕ್ಯೂಬೆಕ್‌ನ ಕ್ಯಾಥೊಲಿಕ್ ಚರ್ಚುಗಳ 1621ರಿಂದ 1979ರವರೆಗಿನ ಪುಸ್ತಕಗಳನ್ನು ಉಚಿತವಾಗಿ ನೋಡಬಹುದು. ಡ್ರೂಯೆನ್ ಸಂಸ್ಥೆಯ ಸಂಗ್ರಹಕ್ಕೆ ಚಂದಾ ಕೊಡಬೇಕು, ಹುಡುಕುವುದು ಮಾತ್ರ ಸುಲಭ. ಮದುವೆಯ ನಮೂದಿನಲ್ಲಿ ವಧೂವರರ ತಂದೆತಾಯಿಗಳ ಹೆಸರು, ಅದರಲ್ಲೂ ತಾಯಿಯ ತವರುಮನೆಯ ಹೆಸರೇ ಇರುವುದರಿಂದ, ಒಂದು ಮದುವೆಯಿಂದ ಹಿಂದಿನ ಮದುವೆಗೆ ಮೆಟ್ಟಿಲಿಳಿದಂತೆ ಹೋಗಬಹುದು. ನಾನು ಸೊಸೆಯ ಮುತ್ತಜ್ಜಿಯ ಮದುವೆಯಿಂದ ಹೀಗೆಯೇ ಇಳಿಯುತ್ತ ಬಂದೆ. ಪಾದ್ರಿಗಳ ಕೈಬರಹ ಮೊದಲ ವಾರ ಕಣ್ಣೀರು ತರಿಸಿತು. ಎಲ್ಲವೂ ಸಿಗುತ್ತದೆಂದು ಮಾತ್ರ ನಂಬಬಾರದು: 1640ರ ಬೆಂಕಿಯಲ್ಲಿ ಕ್ಯೂಬೆಕ್ ನಗರದ ಚರ್ಚಿನ ರಿಜಿಸ್ಟರುಗಳು ಸುಟ್ಟುಹೋದಾಗ, ಅವುಗಳನ್ನು ನೆನಪಿನಿಂದಲೇ ಮತ್ತೆ ಬರೆಯಬೇಕಾಯಿತು.

ನಾಲ್ಕನೆಯದು, ಬಳಕೆದಾರರೇ ಕಟ್ಟಿದ ವಂಶವೃಕ್ಷಗಳು. ನಾನು ನೋಡಿದ ಒಂದು ತಾಣದಲ್ಲಿ ತಾಯಿಯ ಶವಸಂಸ್ಕಾರವಾಗಿ ಮೂರು ವರ್ಷದ ಮೇಲೆ ಅವಳ ಮಗುವಿನ ನಾಮಕರಣ ನಡೆದಿತ್ತು! ಎಳವೆಯಲ್ಲೇ ತೀರಿಕೊಂಡ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವ ರೂಢಿಯಿದ್ದುದರಿಂದ ಇಂಥ ಗೊಂದಲ ಸಹಜ, ಆದರೆ ಅದೇ ತಪ್ಪನ್ನು ಇನ್ನೂ ಹಲವರು ನಕಲು ಮಾಡಿದ್ದರು. ಊರಿನ ಸುದ್ದಿಯಂತೆ ಕೇಳಿಸಿಕೊಂಡು, ಬೇರೆಡೆ ಪರಿಶೀಲಿಸಬೇಕು.

ಒಂದನ್ನೇ ಆರಿಸಿಕೊಳ್ಳಿ ಎಂದರೆ 1850ಕ್ಕೆ ಹಿಂದಿನದಕ್ಕೆ ಪಿಆರ್‌ಡಿಎಚ್ ಎನ್ನುತ್ತೇನೆ. ಆದರೂ ಪ್ರತಿ ಮದುವೆಯ ಮೂಲ ಪುಟವನ್ನು ಕಣ್ಣಾರೆ ನೋಡದೆ ನಾನು ನಮ್ಮ ಪುಸ್ತಕಕ್ಕೆ ಏರಿಸಿಲ್ಲ. ಅಕ್ಷರ ಬಾರದ ಕ್ಲೂಟಿಯೆ ಸಹಿಯ ಬದಲು ಕೊಡಲಿಯ ಗುರುತು ಬರೆಯುತ್ತಿದ್ದನಂತೆ. ಅಂಥದ್ದು ದತ್ತಾಂಶದ ಕೋಷ್ಟಕದಲ್ಲಿ ಕಾಣುವುದಿಲ್ಲ. ಸಮುದ್ರದಾಚೆಯ ಊರನ್ನು ಗುರುತಿಸಲು ವಲಸಿಗರ ಮೂಲ ಊರುಗಳನ್ನು ದಾಖಲಿಸುವ ಫಿಶಿಯೆ ಒರಿಜಿನ್ ಎಂಬ ಉಚಿತ ಜಾಲತಾಣ ಇದೆ. 1616ರಲ್ಲಿ ಮೊರ್ತಾನ್ಯದಲ್ಲಿ ನಡೆದ ಅವನ ಮದುವೆಯ ಪುಟವನ್ನು ಈಗ ಒರ್ನ್ ಜಿಲ್ಲೆಯ ದಾಖಲೆಗಳಲ್ಲಿ ಹುಡುಕುತ್ತಿದ್ದೇನೆ.