ದೂರದ ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ಹಾರಾಟ: ಯಾವ ಲೆಕ್ಕವನ್ನು ಎಷ್ಟು ನಂಬಬಹುದು?

ಹಾರಾಟದ ದೂರ, ಸಮಯ ತಿಳಿಯಲು ನಾಲ್ಕು ದಾರಿ: ಎರಡು ಊರುಗಳ ನಡುವೆ ನಕ್ಷೆಯ ಮೇಲೆ ಗೆರೆ ಎಳೆದು ಅಳೆಯುವುದು, ಮಹಾವೃತ್ತದ (ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಯ) ಸೂತ್ರ ಹಾಕುವುದು, ಹಾರಿದ ವಿಮಾನಗಳ ಜಾಡು ಹಿಡಿಯುವ ಟ್ರ್ಯಾಕಿಂಗ್ ತಾಣದ ದಾಖಲೆ ನೋಡುವುದು, ವಿಮಾನಗಳ ವೇಳಾಪಟ್ಟಿ ನೋಡುವುದು. ಒಂದೇ ಜೋಡಿ ನಿಲ್ದಾಣಗಳಿಗೆ ಈ ನಾಲ್ಕನ್ನೂ ಹಾಕಿ ನೋಡಿದರೆ ಉತ್ತರ ನಾಲ್ಕು ಬಗೆ.

ನಕ್ಷೆಯ ಗೆರೆಯನ್ನು ಮೊದಲೇ ಬಿಟ್ಟುಬಿಡಿ. 60 ಡಿಗ್ರಿ ಅಕ್ಷಾಂಶದಲ್ಲಿ, ರೇಖಾಂಶದಲ್ಲಿ 90 ಡಿಗ್ರಿ ಅಂತರವಿರುವ ಎರಡು ಬಿಂದುಗಳನ್ನು ತೆಗೆದುಕೊಳ್ಳಿ. ಅಕ್ಷಾಂಶ, ರೇಖಾಂಶಗಳನ್ನು ನೇರ ಗೆರೆಗಳಾಗಿ ತೋರಿಸುವ ಚಪ್ಪಟೆ ಮರ್ಕೇಟರ್ ನಕ್ಷೆಯಲ್ಲಿ ನೇರವಾಗಿ ಕಾಣುವ ಗೆರೆಯ ಮೇಲೆ ಸಾಗಿದರೆ ಸುಮಾರು 5000 ಕಿ.ಮೀ. ಮಹಾವೃತ್ತದ ದಾರಿಯಲ್ಲಿ ಸುಮಾರು 4600. ಜೆಟ್ ವಿಮಾನಕ್ಕೆ ಅದು ಹತ್ತಿರ ಹತ್ತಿರ ಅರ್ಧ ಗಂಟೆಯ ವ್ಯತ್ಯಾಸ.

ದೂರಕ್ಕೆ ಮಹಾವೃತ್ತವೇ ಸರಿ. ಭೂಮಿಯನ್ನು 6371 ಕಿ.ಮೀ. ತ್ರಿಜ್ಯದ ಗೋಳ ಎಂದುಕೊಂಡರೆ ಬರುವ ತಪ್ಪು ಹೆಚ್ಚೆಂದರೆ ಶೇ. 0.5ರ ಆಸುಪಾಸು; 4600 ಕಿ.ಮೀ.ಗೆ ಎರಡು ನಿಮಿಷವೂ ಆಗದು. ಆದ್ದರಿಂದ ದೀರ್ಘವೃತ್ತಾಭದ (ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಳದ) ಸೂತ್ರಕ್ಕೆ ಒದ್ದಾಡಬೇಕಿಲ್ಲ. ಲೆಕ್ಕ ಕೆಡುವುದು ಸೂತ್ರದಲ್ಲಲ್ಲ, ಅದಕ್ಕೆ ಕೊಡುವ ಅಂಕಿಯಲ್ಲಿ. 12°57′ ಎಂದರೆ 12 ಡಿಗ್ರಿ ಮತ್ತು ಒಂದು ಡಿಗ್ರಿಯ 60ರಲ್ಲಿ 57 ಪಾಲು, ಅಂದರೆ 12.95, 12.57 ಅಲ್ಲ; ಈ ಒಂದು ಎಡವಟ್ಟಿಗೆ 42 ಕಿ.ಮೀ. ಆಚೀಚೆಯಾಗುತ್ತದೆ. ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಮರೆತರೆ ನಿಲ್ದಾಣ ಬೇರೆಯೇ ಖಂಡಕ್ಕೆ ಹೋಗಿ ಕೂರುತ್ತದೆ. ಊರಿನ ಹೆಸರನ್ನಂತೂ ನಂಬಲೇಬೇಡಿ: ಸಿಡ್ನಿ ಆಸ್ಟ್ರೇಲಿಯಾದಲ್ಲೂ ಇದೆ, ಕೆನಡಾದ ನೋವಾ ಸ್ಕೋಶಿಯಾದಲ್ಲೂ ಇದೆ, ಎರಡಕ್ಕೂ ವಿಮಾನ ನಿಲ್ದಾಣವಿದೆ. ನಿಲ್ದಾಣದ ಕೋಡ್ ಹಾಕಿಯೇ ಹುಡುಕಿ.

ಸಮಯದ ಮಾತು ಬಂದಾಗ ಸೂತ್ರದ ಶಕ್ತಿ ಅರ್ಧಕ್ಕೇ ನಿಲ್ಲುತ್ತದೆ. ದೂರವನ್ನು ವೇಗದಿಂದ ಭಾಗಿಸಿ, ಏರಲು, ಇಳಿಯಲು, ಟ್ಯಾಕ್ಸಿಗೆ (ನಿಲ್ದಾಣದ ನೆಲದ ಮೇಲಿನ ಓಡಾಟಕ್ಕೆ) ಅರ್ಧ ಗಂಟೆ ಸೇರಿಸುವುದು ರೂಢಿ. ಜೆಟ್‌ಗೆ ಗಂಟೆಗೆ 830 ಕಿ.ಮೀ. ಹಿಡಿಯಬಹುದು, ಸಣ್ಣ ನಿಲ್ದಾಣಗಳಿಗೆ ಹೆಚ್ಚಾಗಿ ಬರುವ ಎಟಿಆರ್ 72ರಂಥ ಟರ್ಬೊಪ್ರಾಪ್‌ಗೆ (ಪ್ರೊಪೆಲರ್ ಇರುವ ವಿಮಾನಕ್ಕೆ) 500. 1500 ಕಿ.ಮೀ.ಗೆ ಒಂದು ಕಡೆ 2 ಗಂಟೆ 18 ನಿಮಿಷ, ಇನ್ನೊಂದು ಕಡೆ ಮೂರೂವರೆ ಗಂಟೆ. ವಿಮಾನ ಯಾವುದೆಂದು ಕೇಳದೆ ಸಮಯ ಹೇಳುವ ತಾಣಗಳನ್ನು ಸಣ್ಣ ನಿಲ್ದಾಣಗಳ ಮಟ್ಟಿಗೆ ನಂಬಬೇಡಿ.

ಗಾಳಿ ಇನ್ನೂ ದೊಡ್ಡ ಸಂಗತಿ. 4600 ಕಿ.ಮೀ. ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಎದುರುಗಾಳಿ ಇದ್ದರೆ ಆಕಾಶದಲ್ಲೇ 6 ಗಂಟೆ 18 ನಿಮಿಷ; ಅದೇ ಗಾಳಿ ಬೆನ್ನಿಗಿದ್ದರೆ 4 ಗಂಟೆ 57 ನಿಮಿಷ. ಮಧ್ಯ ಅಕ್ಷಾಂಶಗಳ ಜೆಟ್ ಸ್ಟ್ರೀಮ್, ಅಂದರೆ ಎತ್ತರದಲ್ಲಿನ ರಭಸದ ಗಾಳಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ಹೋಗುವ ಸಮಯವನ್ನೇ ಬರುವುದಕ್ಕೂ ಹಾಕಿಕೊಂಡರೆ ಮುಂದಿನ ವಿಮಾನ ತಪ್ಪುತ್ತದೆ.

ಇದನ್ನು ನಿಜವಾಗಿ ತೋರಿಸುವುದು ಟ್ರ್ಯಾಕಿಂಗ್ ದಾಖಲೆ. ಒಂದು ದಿನದ್ದು ಸಾಲದು. ಎರಡು ವಾರದ್ದು ತೆಗೆದು, ಸಮಯಗಳನ್ನು ಸಾಲಾಗಿ ಜೋಡಿಸಿ ನಟ್ಟನಡುವಿನದನ್ನು ನೋಡಿ. ಅದರಲ್ಲಿ ಸಿಗುವುದು ಹೆಚ್ಚಾಗಿ ನೆಲ ಬಿಟ್ಟು ನೆಲ ಮುಟ್ಟುವವರೆಗಿನ ಸಮಯ ಮಾತ್ರ. ಸಮುದ್ರದ ಮೇಲೆ ನೆಲದ ರಿಸೀವರ್‌ಗೆ ಸಿಗದ ಕಡೆ ದಾರಿಯೂ ಅಂದಾಜೇ.

ವೇಳಾಪಟ್ಟಿಯ ಸಮಯ ಒಂದು ನಿಲ್ದಾಣದ ಗೇಟಿನಿಂದ ಇನ್ನೊಂದರ ಗೇಟಿಗೆ, ಅಂದರೆ ಬ್ಲಾಕ್ ಟೈಮ್. ತಡವಾದರೂ ಹೊಂದಿಸಿಕೊಳ್ಳಲು ಅದರಲ್ಲಿ ಒಂದಿಷ್ಟು ಹೆಚ್ಚುವರಿ ಇರುತ್ತದೆ. ಎರಡೂ ಕಡೆಯ ಸಮಯ ಆಯಾ ಊರಿನದು. ಯುಟಿಸಿಗೆ (ಎಲ್ಲೆಡೆಗೂ ಒಂದೇ ಆದ ಜಾಗತಿಕ ಸಮಯಕ್ಕೆ) ಬದಲಿಸದೆ ಒಂದರಿಂದ ಇನ್ನೊಂದನ್ನು ಕಳೆಯಬೇಡಿ. ಪ್ರಯಾಣ ಗೊತ್ತುಮಾಡಲು ನಮ್ಮ ಆಯ್ಕೆ ಇದೇ, ಏಕೆಂದರೆ ಇಂಥ ಜೋಡಿಗಳಿಗೆ ಬಹಳ ಸಲ ನೇರ ವಿಮಾನವೇ ಇರದು. ದೊಡ್ಡ ನಿಲ್ದಾಣವೊಂದರ ಮೂಲಕ ಸುತ್ತಿ ಹೋಗುವಾಗ ಏರಲು, ಇಳಿಯಲು, ಟ್ಯಾಕ್ಸಿಗೆ ಸೇರಿಸುವ ಆ ಅರ್ಧ ಗಂಟೆ ಎರಡು ಸಲ ಬೀಳುತ್ತದೆ, ನಡುವಿನ ಕಾಯುವಿಕೆ ಬೇರೆ.